ಮೇಡಂ ಅಳಿಸಿದ ಸಾಲು

‘ಬಾಗಲವಾಡದ ಹುಡುಗಿ ಇಂಜಿನಿಯರ್? ಆಗೋ ಮಾತಲ್ಲ ಬಿಡು’ ಅಂದವರು ಊರಿನ ನಮ್ಮ ದೊಡ್ಡಪ್ಪ. ರಾಯಚೂರಿನ ಕಾಲೇಜಿನ ನಮ್ಮ ಕಂಪ್ಯೂಟರ್ ಲ್ಯಾಬ್ ಮೇಡಂ ಮಾತ್ರ ಬಳೆಯಿಂದ ಮಾನಿಟರ್ ತಟ್ಟಿ, ‘ಪೈಥಾನ್ ಏನಂತು, ಕೇಳಿದೇನವ್ವಾ?’ ಎನ್ನುತ್ತಿದ್ದರು.

ಭತ್ತದ ತೇವ ಲೆಕ್ಕ ಹಾಕುವ ನನ್ನ ಪ್ರಾಜೆಕ್ಟಿನಲ್ಲಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ‘ತಪ್ಪಾಗಿದೆ’ ಎಂದು ಎಸೆದ ಎರರನ್ನು, ಅದಕ್ಕೆ ಜೋಡಿಸಲು ನಾನು ಸಿ ಭಾಷೆಯಲ್ಲಿ ಬರೆದ ಕೋಡು ಅಳಿಸಿ ಸೊನ್ನೆ ತೋರಿಸುತ್ತಿತ್ತು. ಕೊನೆಯ ಪರೀಕ್ಷೆಯಲ್ಲಿ ಮೇಡಂ ಅಂಕಿಯ ಜಾಗದಲ್ಲಿ ಅಕ್ಷರ ಒತ್ತಿದರು. ಸೊನ್ನೆಯೇ ಬಂತು, ಅಂದರೆ ತೇವವೇ ಇಲ್ಲ.

‘ಹಸೀ ಭತ್ತ ಒಣಗೇದ ಅಂತ ಮಿಲ್ಲಿನವರಿಗೆ ಹೇಳ್ತೀಯೇನ?’ ಎಂದು, ಎರರ್ ಅಳಿಸುವ ಸಾಲನ್ನೇ ತೆಗೆದುಬಿಟ್ಟರು. ಹೊರಗಿನಿಂದ ಬಂದ ಪರೀಕ್ಷಕರ ಎದುರೇ ಪ್ರೋಗ್ರಾಂ ಎರರ್ ತೋರಿಸಿ ನಿಂತುಹೋಯಿತು. ಫೇಲಾದೆ ಅಂದುಕೊಂಡೆ.

‘ಈಗ ಖರೇ ಹೇಳಾಕತ್ತದ. ಕುಂದ್ರು, ತಿದ್ದು’ ಎಂದರು ಮೇಡಂ.

ಎರರ್ ಬಂದರೆ ಸಿ ಅಲ್ಲೇ ನಿಂತು ಅದನ್ನು ಪೈಥಾನಿಗೆ ಒಪ್ಪಿಸುವಂತೆ ಬರೆದೆ. ಈ ಸಲ ಅಕ್ಷರ ಒತ್ತಿದಾಗ ಸೊನ್ನೆಯ ಬದಲು, ತಪ್ಪು ಎಲ್ಲಿದೆ ಎಂದು ಪೈಥಾನೇ ಹೇಳಿತು. ಪಾಸಾದೆ.

ಲ್ಯಾಬಿನಲ್ಲಿ ನಡೆದದ್ದನ್ನೆಲ್ಲ ಹೇಳಿ, ಇಂಜಿನಿಯರಿಂಗ್ ಪ್ರಮಾಣಪತ್ರವನ್ನು ಅವ್ವನ ಕೈಗೆ ಕೊಟ್ಟೆ. ಓದಲು ಬಾರದ ಅವ್ವ ಅದರ ಮೇಲೆ ಬೆರಳಾಡಿಸಿ, ‘ಇದರಾಗ ನಿಮ್ಮ ಮೇಡಂ ಹೆಸರು ಎಲ್ಲದ, ತೋರ್ಸವ್ವಾ’ ಅಂದಳು.