ಜಾಲಿ ಮುಳ್ಳಿನ ಮೀನಮನೆ

ಖಾಜಾಭಾಯಿ ನೀರಿನ ತಳವನ್ನು ಹಲ್ಲಿನಿಂದ ನೋಡುತ್ತಿದ್ದರು. ದಾರಕ್ಕೆ ಲಾರಿಯ ನಟ್ಟು ಕಟ್ಟಿ ಜಲಾಶಯಕ್ಕೆ ಇಳಿಬಿಟ್ಟು, ದಾರದ ತುದಿ ಕಚ್ಚಿಕೊಂಡು ಕಣ್ಣು ಮುಚ್ಚುವರು. "ಇಲ್ಲಿ ಬರೇ ಕೆಸರು." ಎರಡು ಹೆಜ್ಜೆ ಸರಿದು, "ಹಾಂ, ಇಲ್ಲಿ ಅದ ನೋಡ್ರಿ ನಮ್ಮ ಮನಿ!"

ಹುಮನಾಬಾದಿನ ಹೆದ್ದಾರಿಯಲ್ಲಿ ಅವರದು ಪಂಕ್ಚರ್ ಅಂಗಡಿ. ಹರೆಯದಲ್ಲಿ ಕೊಂಕಣದ ದೋಣಿಗಳಲ್ಲಿ ದುಡಿದವರು. ದಡದ ಹತ್ತಿರ ಕಲ್ಲು, ಸಿಮೆಂಟಿನ ತುಂಡು ಮುಳುಗಿಸಿದರೆ ಬಗೆಬಗೆಯ ಮೀನು ಬಂದು ನೆಲೆಸುವುದನ್ನು ಅಲ್ಲಿ ಕಂಡಿದ್ದರು. ಬಸವಕಲ್ಯಾಣದ ಕಡೆಯ ಈ ಜಲಾಶಯದಲ್ಲಿ ಅದನ್ನೇ ಮಾಡಿದರು. ಒಡೆದ ಪೈಪು, ಕಲ್ಲು ಕಟ್ಟಿದ ಜಾಲಿ ಟೊಂಗೆ. ವರ್ಷದೊಳಗೆ ರೋಹು, ಜಿಲೇಬಿ, ಮರಲ್ ಎಲ್ಲ ಜಾತಿಯ ಮೀನೂ ಬಂದವು. "ಸಮುದ್ರದ ಮೀನಿಗಿ ಉಪ್ಪು ಬೇಕು, ನಮ್ಮ ಮೀನಿಗಿ ಮುಳ್ಳು ಸಾಕು" ಎಂದು ನಗುವರು.

ಅಲ್ಲಿ ಗಾಳ ಮಾತ್ರ ಹಾಕಬೇಕು, ಬಲೆ ಬೀಸಬಾರದು ಎಂಬುದು ಅವರ ನೇಮ. "ಗಾಳ ಅಂದ್ರ ಬಾಡಿಗಿ ಕೇಳ್ದಂಗ. ಬಲಿ ಅಂದ್ರ ದರೋಡಿ ಬಿದ್ದಂಗ."

ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ನನಗೆ ಮೀನು ಹಿಡಿಯಲು ಕಲಿಸಿದವರು ಅವರೇ. ನನ್ನ ಬಲೆ ಹರಿದಾಗ ಕೆಂಪು ದಾರದಲ್ಲಿ ಹೊಲಿದುಕೊಟ್ಟವರೂ ಅವರೇ.

ಮನೆಗೆ ಬೀಗರು ಬರುವವರಿದ್ದರು. ಬುಟ್ಟಿ ತುಂಬ ಮೀನು ತರುತ್ತೇನೆಂದು ಎಲ್ಲರೆದುರು ಜಂಬ ಕೊಚ್ಚಿದ್ದೆ. ಶುಕ್ರವಾರ ಮಧ್ಯಾಹ್ನ, ಖಾಜಾಭಾಯಿ ನಮಾಜಿಗೆ ಹೋದ ಹೊತ್ತು ನೋಡಿ, ಆ ಮೀನಮನೆಯ ಮೇಲೇ ಬಲೆ ಬೀಸಿದೆ. ಅದು ಮುಳ್ಳಿಗೆ ಸಿಕ್ಕಿಕೊಂಡಿತು. ಹಗ್ಗ ಕೊಯ್ದು ಓಡಿಬಂದೆ.

ಮೂರನೆಯ ದಿನ ಸತ್ತ ಮೀನು ತೇಲಿದವು. ನಾನು ಬಿಟ್ಟುಬಂದ ಬಲೆ ತಳದಲ್ಲಿ ಕೊಲ್ಲುತ್ತಲೇ ಇತ್ತು. ಎಪ್ಪತ್ತು ದಾಟಿದ ಖಾಜಾಭಾಯಿ ಮುಳುಗಿ ಮುಳುಗಿ ಅದನ್ನು ಬಿಡಿಸಿ ತಂದರು. ಮೈತುಂಬ ಮುಳ್ಳಿನ ಗೀರು. ದಡದಲ್ಲಿದ್ದವರೆಲ್ಲ ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ನಾನು: "ಯಾವ ಹರಾಮಖೋರ್ ಮಾಡ್ಯಾನ್ರಿ ಇದು!"

ಅವರು ಕೆಂಪು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಬೈಬ್ಯಾಡ್ರಿ ಕಂಡಕ್ಟರ್ ಸಾಬ್ರ. ಪಾಪ, ಅವನ ಮನಿಗಿ ಬೀಗರು ಬಂದಿದ್ರೇನೋ."

ವಾರದ ಮೇಲೆ ಬಲೆ ಹೊಲಿದು ಮನೆಗೆ ತಂದರು. "ತಗೋರಿ. ಬ್ಯಾರೆ ಕಡಿ ಬೀಸ್ರಿ." ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊರಬಂದದ್ದು "ಚಾ ಕುಡೀರಿ" ಎಂಬ ಮಾತು. ಕುಡಿದರು, ಸಕ್ಕರೆ ಜಾಸ್ತಿಯಾಯಿತೆಂದು ನಕ್ಕರು, ಹೋದರು. ಮತ್ತೆ ನಾನು ಅವರನ್ನು ನೋಡಿದ್ದು ಖಬರಸ್ತಾನಕ್ಕೆ ಹೊರಟ ಜನಾಜಾದಲ್ಲಿ.

ಈಗ ಶುಕ್ರವಾರ ಮಧ್ಯಾಹ್ನ ಜಾಲಿ ಟೊಂಗೆಗೆ ಕಲ್ಲು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತೇನೆ. ಯಾರಾದರೂ ಕೇಳಿದರೆ, ಆ ಬಲೆ ನನ್ನದೇ ಎಂದು ಹೇಳಿಬಿಡುತ್ತೇನೆ. ಆಮೇಲೆ ನಟ್ಟು ಇಳಿಬಿಟ್ಟು, ದಾರ ಕಚ್ಚಿ, ಕಣ್ಣು ಮುಚ್ಚುತ್ತೇನೆ. ಯಾವುದು ಕೆಸರು, ಯಾವುದು ಮನೆ ಎಂಬುದು ನನ್ನ ಕಟ್ಟಿಸಿದ ಹಲ್ಲಿಗೆ ಇನ್ನೂ ತಿಳಿದಿಲ್ಲ.