ಅರಿಶಿನ ಹಚ್ಚಿಕೊಂಡ ಅಪ್ಪ

ನಮ್ಮ ಮನೆಯ ಸೋಫಾದ ಎಡಮೂಲೆಯಲ್ಲಿ ಒಂದು ತಗ್ಗಿದೆ. ಅದು ನಾನು ಕೂತು ಕೂತು ಆದದ್ದೆಂದು ನನ್ನ ಹೆಂಡತಿ ಸುಮತಿಯ ಆರೋಪ. ಒಳಗಿನ ಸ್ಪಂಜೇ ಕಳಪೆಯದೆಂದು ನನ್ನ ವಾದ. ಅಮೆರಿಕದ ಮಿಲ್ಪಿಟಾಸಿನ ಈ ಟೌನ್‌ಹೌಸಿಗೆ ಬಂದಾಗಿನಿಂದ ಇತ್ಯರ್ಥವಾಗದೆ ಉಳಿದ ಈ ವ್ಯಾಜ್ಯದ ನಡುವೆ ಧಾರವಾಡದಿಂದ ಅತ್ತೆಯವರು ಬಂದರು. ಅಳಿಯನನ್ನು ಎದುರಿಗೆ ಆಡಿಕೊಳ್ಳುವವರಲ್ಲ ಅವರು. ಹಾಗಾಗಿ ನನ್ನ ವಿಷಯ ಬಿಟ್ಟು, ಟೀವಿಯಲ್ಲಿ ಬರುವ ಇನ್ನೊಬ್ಬ ಅಪ್ಪನನ್ನು ಹೊಗಳತೊಡಗಿದರು.

ಆತ ಎಷ್ಟೋ ಕಾಲದಿಂದ ಓಡುತ್ತಿರುವ ಒಂದು ಕಾರ್ಟೂನ್ ಧಾರಾವಾಹಿಯ ಯಜಮಾನ, ನೀವೂ ನೋಡಿರಬಹುದು. ಹಳದಿ ಮೈ, ಬೋಳು ತಲೆ, ಅಂಗಿಯ ಅಳತೆಗೆ ಒಪ್ಪದ ಹೊಟ್ಟೆ. ಕೆಲಸದಲ್ಲಿ ನಿದ್ದೆ, ಮನೆಯಲ್ಲಿ ಸೋಫಾ, ಇವೆರಡರ ನಡುವೆ ತಿಂಡಿ. ನಮ್ಮ ಮಗಳು ಮೇಖಲಾ ಶಾಲೆಯಿಂದ ಬಂದು ಅದನ್ನು ಹಾಕಿದಳೆಂದರೆ, ಇಂಗ್ಲಿಷಿನ ಗಂಧವಿಲ್ಲದ ಅತ್ತೆ ಮೊಮ್ಮಗಳ ಪಕ್ಕ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುವರು. “ಪಾಪ, ಹೊಟ್ಟಿ ಸ್ವಲ್ಪ ಮುಂದ ಬಂದದ ಖರೆ, ಆದ್ರ ಮನಸು ಭಾಳ ಚೊಲೋ ಅದ,” ಎಂದು ಅವನ ಗುಣಗಾನ ಮಾಡುವರು. ನನ್ನ ಮನಸ್ಸಿನ ಕುರಿತು ಅಂಥ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಬಣ್ಣ ತುಂಬಿದ ಗೆರೆಗಳ ಮೇಲೆ ಅಸೂಯೆಪಡುವ ಯೋಗ ಎಲ್ಲರಿಗೂ ಬರುವುದಿಲ್ಲ, ನನಗೆ ಬಂತು. ಜಗತ್ತು ಅವನನ್ನೇಕೆ ಇಷ್ಟು ಮುದ್ದಿಸುತ್ತದೆಂದು ಯೋಚಿಸಿದ್ದೇನೆ. ಅವನು ಎಬ್ಬಿಸಿದ ರಾದ್ಧಾಂತವೆಲ್ಲ ಮುಂದಿನ ಕಂತಿನ ಹೊತ್ತಿಗೆ ಮಾಯವಾಗಿರುತ್ತದೆ. ಯಾವ ಸಂಸಾರಿಗೆ ಬೇಡ ಈ ಸೌಲಭ್ಯ?

ಮಕ್ಕಳು ವೇಷ ಹಾಕಿ ಮನೆಮನೆಗೂ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂದಾಗ ಮೇಖಲಾ ಹಟ ಹಿಡಿದಳು. “ಅಪ್ಪಾ, ಈ ಸಲ ನೀನು ಅವ್ನಾಗು. ಯೂ ಡೋಂಟ್ ಈವನ್ ನೀಡ್ ಎ ಕಾಸ್ಟ್ಯೂಮ್.”

ಅಡುಗೆಮನೆಯಲ್ಲಿ ಸುಮತಿ ನಕ್ಕ ಸದ್ದು ಕೇಳಿಸಿತು. ವೇಷವೇನೋ ಬೇಕಿರಲಿಲ್ಲ, ಬಣ್ಣ ಬೇಕಿತ್ತು. ಅಂಗಡಿಯ ಬಣ್ಣ ಸವರಿ ನೋಡಿದರೆ ಕೆನ್ನೆಯೆಲ್ಲ ತುರಿಕೆ. “ಮನ್ಯಾಗ ಅರಿಷಿಣ ಇರೂವಾಗ ಅದ್ಯಾಕ ಬೇಕು?” ಎಂದ ಅತ್ತೆ, ಊರಿಂದ ತಂದಿದ್ದ ಅರಿಶಿನಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಟ್ಟರು. ಸುಮತಿ ಹಚ್ಚಿದಳು. ನಮ್ಮ ಮದುವೆಯ ಅರಿಶಿನದ ಶಾಸ್ತ್ರದಲ್ಲೂ ನನ್ನ ಮೇಲೆ ಇಷ್ಟು ಶ್ರದ್ಧೆ ಯಾರೂ ವ್ಯಯಿಸಿರಲಿಲ್ಲ.

ಹಬ್ಬದ ಸಂಜೆ ಬೀದಿಯ ಮಕ್ಕಳೆಲ್ಲ ನನ್ನನ್ನು ಕಂಡೊಡನೆ ಗುರುತಿಸಿದರು. ಮೂರನೆಯ ಮನೆಯ ನಿವೃತ್ತ ಮುದುಕರೊಬ್ಬರು ನನ್ನ ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ, ದಿಂಬನ್ನು ಎಷ್ಟು ಸಹಜವಾಗಿ ಕಟ್ಟಿದ್ದೀರಿ ಎಂದು ಮೆಚ್ಚಿಕೊಂಡರು. ಮಗಳ ಎದುರಿಗೆ ಸತ್ಯ ಹೇಳಲಾರದೆ ಥ್ಯಾಂಕ್ಸ್ ಎಂದೆ.

ಮರುದಿನ ಬೆಳಿಗ್ಗೆ ಸೋಪು ಸೋತಿತು, ಕಡಲೆಹಿಟ್ಟು ಸೋತಿತು. ಹಳದಿಯಾಗಿಯೇ ಆಫೀಸಿಗೆ ಹೋದೆ. ಮೀಟಿಂಗಿನಲ್ಲಿ ಮ್ಯಾನೇಜರು ಅರ್ಧಕ್ಕೆ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಇದು ಅರಿಶಿನ ಎಂದು ನಾನು ವಿವರಿಸಿದ್ದು, ಕಾಮಾಲೆಗೆ ನಾನೇ ಅರಿಶಿನದ ಮದ್ದು ಮಾಡಿಕೊಳ್ಳುತ್ತಿದ್ದೇನೆ ಎಂಬಂತೆ ಅವರಿಗೆ ಅರ್ಥವಾಗಿರಬೇಕು. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಗೆಳೆಯ ರಘುವೂ ನನ್ನ ಮಾತು ನಂಬದೆ ಎದ್ದು ನಿಂತು, “ಬಾರೋ, ನಾನೇ ಡ್ರಾಪ್ ಮಾಡ್ತೀನಿ, ಮೊದ್ಲು ಡಾಕ್ಟ್ರಿಗೆ ತೋರಿಸ್ಕೋ,” ಎಂದು ಎಬ್ಬಿಸಿಕೊಂಡು ಹೋದ.

ಡಾಕ್ಟರು ಮಂಗಳೂರಿನ ಕಡೆಯ ಹುಡುಗಿ. ಸ್ಪಿರಿಟಿನ ಹತ್ತಿಯಿಂದ ನನ್ನ ಕೆನ್ನೆ ಒರೆಸಿ, ಹಳದಿಯಾದ ಹತ್ತಿಯನ್ನು ನನಗೇ ತೋರಿಸಿ ನಕ್ಕಳು. “ಲಿವರಿಗೆ ಎಂತದೂ ಆಗ್ಲಿಲ್ಲ. ಹೇಗೂ ಬಂದಿದ್ದೀರಲ್ಲ, ಒಮ್ಮೆ ಬಿ.ಪಿ. ನೋಡುವ.”

ನೋಡಿದಳು. ಇನ್ನೊಂದು ತೋಳಿಗೆ ಪಟ್ಟಿ ಕಟ್ಟಿ ಮತ್ತೆ ನೋಡಿದಳು. ನಗು ಹೋಗಿತ್ತು. “ಇದು ಮಾತ್ರ ತೊಳೆದ್ರೆ ಹೋಗುದಿಲ್ಲ ಮಾರಾಯ್ರೆ,” ಎಂದಳು. “ಇಷ್ಟು ದಿನ ತಲೆನೋವು, ಎಂತದೂ ಇರ್ಲಿಲ್ವಾ?” ಇತ್ತು. ಕಂಪ್ಯೂಟರಿನ ಕಾಟವೆಂದುಕೊಂಡಿದ್ದೆ. ಆ ಪುಟ್ಟ ಕೋಣೆಯಲ್ಲಿ ಮೊದಲ ಬಾರಿಗೆ ನನಗೆ ಭಯವಾಯಿತು. ಮಾತ್ರೆ ಬರೆದುಕೊಟ್ಟಳು, ಉಪ್ಪು ಇಳಿಸಲು ಹೇಳಿದಳು, ದಿನಾ ನಡೆಯಲೇಬೇಕೆಂದಳು.

ಸುದ್ದಿ ಕೇಳಿದ ಸುಮತಿ ಉಪ್ಪಿನಕಾಯಿಯ ಜಾಡಿಯನ್ನು ಎತ್ತರದ ಕಪಾಟಿಗೆ ಏರಿಸಿದಳು. ಮೇಖಲಾ ನನ್ನ ತೋಳಿಗೆ ಒರಗಿ, “ಆರ್ ಯೂ ಗೋಯಿಂಗ್ ಟು ಬಿ ಓಕೆ?” ಎಂದಳು. ಅತ್ತೆ ಎದ್ದು ಕೋಣೆಗೆ ಹೋದರು. ತಮ್ಮ ಅರಿಶಿನದಿಂದ ಇಷ್ಟೆಲ್ಲ ಆಯಿತೆಂದು ನೊಂದುಕೊಂಡರೇನೋ ಎಂದು ನಾನು ಪೇಚಾಡಿದೆ.

ಮರುದಿನ ಸಂಜೆ ಕಾರು ನಿಲ್ಲಿಸಿ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇಳಕಲ್ ಸೀರೆಯ ಕೆಳಗೆ ಸುಮತಿಯ ಓಟದ ಬೂಟು. “ನಡೀರಿ,” ಎಂದರು, ಅಷ್ಟೆ.

ಮನೆಗಳ ಹಿಂದಿನ ತೊರೆಯ ದಾರಿಯಲ್ಲಿ ಸ್ವಲ್ಪ ದೂರ ನಡೆದೆವು. ನಾನು ಫೋಟೋದಲ್ಲಷ್ಟೇ ಕಂಡಿದ್ದ ಮಾವನ ಮಾತು ಆಮೇಲೆ ಬಂತು. “ಅವರಿಗೂ ಹೊಟ್ಟಿ ಇತ್ತು. ನಾವೆಲ್ಲಾ ನಗತಿದ್ವಿ, ಅವರೂ ನಗತಿದ್ರು. ಡಾಕ್ಟರ ಕಡೆ ಮಾತ್ರ ಯಾರೂ ಕರಕೊಂಡು ಹೋಗಲಿಲ್ಲ.”

ವಾತಾವರಣ ಹಗುರಾಗಲೆಂದು, “ಟೀವಿಯವನನ್ನ ಕಂಡ್ರೆ ನಿಮಗೆ ಅಷ್ಟು ಪ್ರೀತಿಯಲ್ಲ ಅತ್ತೆ, ಅವನಿಗೂ ಹೊಟ್ಟೆ ಇದೆ,” ಎಂದೆ.

“ಅವಗೇನ್ರೀ,” ಎಂದರು ಅತ್ತೆ. “ಎಷ್ಟ ವರ್ಷ ಆದ್ರೂ ಅವನ ವಯಸ್ಸು ಅಷ್ಟ. ಅವನ ಮಕ್ಕಳೂ ದೊಡ್ಡವರಾಗಂಗಿಲ್ಲ, ಅವರ ಲಗ್ನಾ ಮಾಡೂದೂ ಇಲ್ಲ. ನಮ್ಮ ಮೇಖಲಾ ಬೆಳೀಲಿಕತ್ತಾಳ. ಸ್ವಲ್ಪ ಲಗೂ ಲಗೂ ಹೆಜ್ಜಿ ಹಾಕ್ರಿ.”

ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವರು ಮುಂದೆ ಹೋದರು. ಏದುಸಿರು ಬಿಡುತ್ತ ನಾನು ಹಿಂದೆ ಹೋದೆ.