ಒಂದು ಬಾವಿ ಐದಾದದ್ದು

ಚಿನ್ನವ್ವ, ಸಣ್ಣಪ್ಪ, ಈ ಸಂಗತಿಯನ್ನು ನಿಮ್ಮ ತಾಯಿ ನಿಮಗೆ ಪೂರ್ತಿ ಹೇಳುವುದಿಲ್ಲ. ಹೇಳಿದರೂ ತನ್ನ ಗೈಡ್ ಆಗಿದ್ದ ಆ ಮನುಷ್ಯನನ್ನು ‘ನಮ್ಮ ಸರ್’ ಎಂದೇ ಕರೆದಾಳು. ನನಗೆ ಹಾಗೆ ಕರೆಯುವ ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತೇಳರಲ್ಲಿ ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ತಾಯಿ ಕಾಲೇಜಿನಲ್ಲಿದ್ದಳು. ಮುಂದೆ ಸಂಶೋಧನೆಗೆ ಸೇರಿದಳು. ಬಾವಿ ನೀರಿಗೆ ನೈಟ್ರೇಟ್ ಎಲ್ಲಿಂದ ಸೇರುತ್ತದೆ ಎಂಬುದು ಅವಳ ವಿಷಯ.

“ಅವ್ವಾ, ನೈಟ್ರೋಜನ್ದಾಗ ಎರಡು ಥರ ಐತಿ. ಒಂದು ಹಗೂರ, ಒಂದು ತುಸು ಭಾರ. ಸಗಣಿ ಗೊಬ್ಬರದಿಂದ ಇಳಿದಿದ್ರ ಭಾರದ್ದು ಹೆಚ್ಚಿರತೈತಿ, ಯೂರಿಯಾದಿಂದ ಬಂದಿದ್ರ ಕಡಿಮಿ. ಅದನ್ನ ನೋಡಿ ಮೂಲ ಹಿಡೀತೀವಿ” ಎಂದು ನನಗೆ ತಿಳಿಯುವಂತೆ ಹೇಳಿದ್ದಳು.

ಗಂಗಾವತಿಯ ಭತ್ತದ ಗದ್ದೆಗಳ ನೀರನ್ನು ತಾನೇ ತರುತ್ತಿದ್ದಳು. ಕುಷ್ಟಗಿ ಕಡೆಯ ನಮ್ಮ ಹೊಲದ ಬಾವಿಯನ್ನು ನನಗೆ ವಹಿಸಿದಳು. ದೊಡ್ಡ ಮಳೆ ಬಿದ್ದ ಮರುದಿನ ಬಾವಿಗಿಳಿದು, ನೀರು ಸೋಸಿ, ಬಾಟಲಿ ತುಂಬಿ ಹಾಲಿನ ಡೇರಿಯ ಫ್ರಿಜ್ಜಿನಲ್ಲಿಡುತ್ತಿದ್ದೆ. ಒಕ್ಕಲುತನದ ಮನೆಯಲ್ಲಿ ತಾರೀಖು ಯಾರಿಗೆ ನೆನಪಿರುತ್ತದೆ? ಮಳೆ ನಕ್ಷತ್ರದ ಹೆಸರನ್ನೇ ಬಾಟಲಿಗೆ ಬರೆದೆ: ಮಘಿ, ಹುಬ್ಬಿ, ಉತ್ತರ, ಹಸ್ತ, ಚಿತ್ತಿ. ಅವಳಿಗೆ ಅಷ್ಟು ಸಾಕಾಗುತ್ತಿತ್ತು. ಹೀಗೆ ಎರಡು ಮಳೆಗಾಲ ನಡೆಯಿತು.

ಚಿನ್ನವ್ವ, ನೀನು ಹುಟ್ಟಿ ಹದಿನೈದು ದಿನವಾಗಿತ್ತು. ನಿಮ್ಮ ತಾಯಿಯ ಗೈಡ್ ಪೇಡೆಯ ಡಬ್ಬಿ ಹಿಡಿದು ಮನೆಗೆ ಬಂದರು. ಅದಕ್ಕೂ ಮುಂಚೆ ಒಂದು ದಿನವೂ ನಮ್ಮ ಊರಿಗೆ, ಬಾವಿಗೆ ಬಂದವರಲ್ಲ. ಬಾಣಂತಿ ಒಳಗೆ ನಿದ್ದೆ ಹೋಗಿದ್ದಳು.

“ಇನ್ನು ನಿಮ್ಮ ಮಗಳಿಗೆ ತೊಟ್ಟಿಲೇ ಪ್ರಯೋಗಾಲಯ ಅಮ್ಮಾ. ಈ ಕೆಲಸವನ್ನು ನನ್ನ ಹೆಸರಲ್ಲೇ ಬರೆದು ಕಳಿಸುತ್ತೇನೆ” ಎಂದು ನಕ್ಕರು. ಆಮೇಲೆ ಯಂತ್ರದಿಂದ ಬಂದ, ಬಾಟಲಿಯ ಹೆಸರುಗಳಿದ್ದ ಅಂಕಿಗಳ ಹಾಳೆ ತೆಗೆದು ಕೇಳಿದರು: “ಇವು ಐದು ಬಾವಿಗಳ ಹೆಸರು ತಾನೇ? ಇದು ಉತ್ತರ ದಿಕ್ಕಿನ ಬಾವಿ?”

ನಾನು ಗಂಡಸರೆದುರು ಮಾತಾಡುವವಳಲ್ಲ. ಆದರೆ ಆ ಹೊತ್ತು ನಿಜ ಹೇಳದಂತೆ ನನ್ನ ಬಾಯಿ ಕಟ್ಟಿದ್ದು ನಾಚಿಕೆಯಲ್ಲ, ಸಿಟ್ಟು. ಬಾಗಿಲ ಹಿಂದಿನಿಂದ “ಹೂಂ ರೀ” ಎಂದೆ.

“ಹಸ್ತ?”

“ಅದೂ ಒಂದು ಬಾವೀನ ರೀ.”

ಬರೆದುಕೊಂಡು ಹೋದರು. ಅವರು ತಂದ ಪೇಡೆಯನ್ನು ಎಮ್ಮೆಗೆ ಹಾಕಿದೆ.

ಮರುವರ್ಷ ಅದು ಅವರ ಹೆಸರಿನ ಪ್ರಬಂಧವಾಗಿ ಅಚ್ಚಾಯಿತು. ನಿಮ್ಮ ತಾಯಿಯ ಹೆಸರು ಎಲ್ಲೂ ಇರಲಿಲ್ಲ. ನಕ್ಷೆಯಲ್ಲಿ ಮಾತ್ರ ನಮ್ಮ ಹೊಲದ ಸುತ್ತ ಐದು ಬಾವಿಗಳಿದ್ದವು. ನಾನು ನಡೆದದ್ದನ್ನು ಹೇಳಿದೆ, ನಗುತ್ತಾಳೆಂದುಕೊಂಡು. ಅವಳು ನಗಲಿಲ್ಲ.

“ಹೆಸರು ಕದ್ದಿದ್ದು ಅವರ ತಪ್ಪು. ನೀರಿನ ಲೆಕ್ಕ ಕೆಡಿಸಿದ್ದು ನಿನ್ನ ತಪ್ಪು” ಎಂದಳು.

ಆದರೂ ದೂರು ಕೊಟ್ಟಳು. ಪರಿಶೀಲನೆಗೆಂದು ಹಿರಿಯ ವಿಜ್ಞಾನಿ ಮೇಡಂ ಒಬ್ಬರು ಬಂದರು, ಜೊತೆಗೆ ಆ ಗೈಡ್ ಕೂಡ. ಮೇಡಂ ಉತ್ತರದ ಬಾವಿ ನೋಡಬೇಕೆಂದರು. ನಾನೇ ಮುಂದೆ ನಡೆದೆ. ಹೊಲದ ಉತ್ತರಕ್ಕೆ ಬರೀ ಹಾಸುಬಂಡೆ. ಅದರ ಮೇಲೆ ಎರಡು ಆಡು ನಿಂತಿದ್ದವು.

“ಬಾವಿ ಎಲ್ಲಿ?” ಎಂದರು ಮೇಡಂ.

ಗೈಡ್ ನನ್ನತ್ತ ತಿರುಗಿದರು. “ಅಮ್ಮಾ, ನೀವೇ ಹೂಂ ಅಂದಿರಲ್ಲ?”

“ಅಂದಿದ್ದೆ ರೀ. ನಿಮ್ಮ ಕೆಲಸ ಅಂದಮ್ಯಾಲ ಒಂದ ಸಲಾನರ ಬಂದು ನೋಡಬೇಕಿತ್ತಲ್ರಿ. ಉತ್ತರ ಅಂದ್ರ ಮಳಿ ರೀ, ದಿಕ್ಕಲ್ಲ. ನಮಗಿರೋದು ಒಂದ ಬಾವಿ.”

ಮೇಡಂ ಆ ಕಡೆ ಮುಖ ಮಾಡಿ ಕೆಮ್ಮಿದರು. ಗೈಡ್ ಮುಖ ಕಪ್ಪಿಟ್ಟಿತು. ಕಣ್ತುಂಬ ನೋಡಿದೆ.

ಆ ಪ್ರಬಂಧವನ್ನು ಹಿಂತೆಗೆದುಕೊಂಡರು. ನಿಮ್ಮ ತಾಯಿಗೆ ಬೇರೆ ಗೈಡ್ ಸಿಕ್ಕರು. ಆದರೆ ಹಳೆಯ ಅಂಕಿಗಳನ್ನು ಯಾರೂ ನಂಬಲಿಲ್ಲ. ಚಿನ್ನವ್ವ, ನಿನ್ನನ್ನು ಬಗಲಲ್ಲಿ ಕೂರಿಸಿಕೊಂಡು ಇನ್ನೆರಡು ಮಳೆಗಾಲ ಅವಳೇ ನೀರು ತುಂಬಿದಳು. ನನ್ನ ಕೈಗೆ ಬಾಟಲಿ ಕೊಡಲಿಲ್ಲ. ಅದಕ್ಕೆ ಮಗಳ ಮುಂದೆ ತಲೆ ತಗ್ಗಿಸುತ್ತೇನೆ, ಆ ಹಳೆಯ ಗೈಡ್ ಮುಂದಲ್ಲ.

ಈಗ ಅವಳ ಕೈಕೆಳಗೇ ಹುಡುಗಿಯರು ಸಂಶೋಧನೆ ಮಾಡುತ್ತಾರೆ. ಆ ಹಳೆಯ ಗೈಡ್ ನಿವೃತ್ತರಾದಾಗ ಇವಳು ಹೋಗಿ ಶಾಲು ಹೊದಿಸಿ ಬಂದಳು. “ಸಾಕು ಬಿಡವ್ವ, ವಯಸ್ಸಾಗೈತಿ ಅವರಿಗೆ” ಎಂದಳು. ನನಗೂ ಆಗಿದೆ. ಆದರೂ ನಾಳೆ ಅವರು ಮತ್ತೆ ಬಂದು ಹಾಗೇ ಕೇಳಿದರೆ, ನಾನು ಮತ್ತೆ ಹೂಂ ಎಂದೇ ಎನ್ನುತ್ತೇನೆ.

ಇದನ್ನು ಕಂಡರೆ ನಿಮ್ಮ ತಾಯಿ ಹರಿದು ಹಾಕುತ್ತಾಳೆ. ಆದ್ದರಿಂದ ಅವಳ ಕೈಗೆ ಸಿಗದ ಹಾಗೆ, ನಿಮ್ಮ ಪುಸ್ತಕಗಳ ನಡುವೆ ಈ ಹಾಳೆಗಳನ್ನು ಜೋಪಾನವಾಗಿಡಿ.